ನಮ್ಮನೆ ನೀರು, ಪಕ್ಕದ ಮನೆ ಅಂಗಳ

2024ರ ಅಕ್ಟೋಬರ್. ಚಿತ್ತಾ ಮಳೆ ರಾತ್ರಿಯಿಡೀ ಸುರಿದಿತ್ತು. ಬೆಳಗ್ಗೆ ಬೆಂಗಳೂರಿನ ಪಿಜಿಯಲ್ಲಿ ಕೂತು ಆಫೀಸಿನ ಮೀಟಿಂಗಿಗೆ ಲ್ಯಾಪ್‌ಟಾಪ್ ತೆಗೀತಿದ್ದೆ, ತುಮಕೂರಿಂದ ಅಮ್ಮನ ಫೋನ್ ಬಂತು.

“ಟೀಚರ್ ಆಂಟಿ ಬಿದ್ದುಬಿಟ್ರು ಕಣೇ. ಹಿತ್ತಲಲ್ಲಿ ಬಟ್ಟೆ ಒಣಗಿಸೋಕೆ ಹೋಗಿ ಪಾಚಿ ಮೇಲೆ ಜಾರಿದಾರೆ. ಬಲಗೈ ಮಣಿಕಟ್ಟು ಮುರಿದಿದೆ.”

ಹೇಗಿದ್ದಾರೆ, ಆಸ್ಪತ್ರೆಗೆ ಯಾರು ಕರ್ಕೊಂಡು ಹೋದ್ರು ಅಂತೆಲ್ಲ ಕೇಳಿದೆ. ಅಮ್ಮ ಎಲ್ಲ ಹೇಳಿ ಸ್ವಲ್ಪ ಹೊತ್ತು ಸುಮ್ಮನಾದಳು. ಆಮೇಲೆ ಅಪ್ಪನಿಗೆ ಕೇಳಿಸಬಾರದು ಅನ್ನೋ ಹಾಗೆ ದನಿ ತಗ್ಗಿಸಿ ಹೇಳಿದಳು: “ಆ ಪಾಚಿ ಕಟ್ಟಿರೋದು ನಮ್ಮನೆ ನೀರಿಂದಾನೇ.”

ಅಮ್ಮ ಹೇಳದಿದ್ದ ಇನ್ನೊಂದು ಮಾತು ನನಗೆ ಗೊತ್ತಿತ್ತು. ಆ ನೀರು ಆ ಕಡೆ ಹರಿಯೋ ಹಾಗೆ ಮಾಡಿದ್ದು ನಾನು.

ನಮ್ಮದು 40x60 ಸೈಟು. 2008ರಲ್ಲಿ ಅಪ್ಪ ಬ್ಯಾಂಕಿನ ಸಾಲ ಮಾಡಿ ಕಟ್ಟಿಸಿದ ಮನೆ. ಹಿಂದೆ ಒಳ್ಳೆ ಹಿತ್ತಲು ಇತ್ತು. ಕರಿಬೇವು, ಕನಕಾಂಬರ, ಎರಡು ಬಾಳೆ, ಒಗೆಯೋ ಕಲ್ಲು. ಮಳೆಗಾಲದಲ್ಲಿ ಕೆಸರು ಆಗ್ತಿತ್ತು, ಅಲ್ಲಲ್ಲಿ ನೀರು ನಿಂತು ಸೊಳ್ಳೆ ಆಗ್ತಿತ್ತು. 2020ರಲ್ಲಿ ವರ್ಕ್ ಫ್ರಮ್ ಹೋಮ್ ಅಂತ ಮನೆಗೆ ಬಂದು ಕೂತಾಗ ಈ ಕೆಸರು ನನಗೆ ದೊಡ್ಡ ಸಮಸ್ಯೆಯಾಗಿ ಕಾಣಿಸಿತು. ಆ ವರ್ಷದ ಬೋನಸ್ ಕೈಗೆ ಬಂದಿತ್ತು. “ಅಪ್ಪಾ, ಹಿತ್ತಲಿಗೆ ಕಾಂಕ್ರೀಟ್ ಹಾಕಿಸೋಣ, ನೀಟಾಗಿರುತ್ತೆ” ಅಂದೆ. ಅಮ್ಮನಿಗೆ ಮನಸ್ಸಿರಲಿಲ್ಲ. ಮಗಳು ತನ್ನ ದುಡ್ಡಲ್ಲಿ ಮನೆಗೆ ಏನೋ ಮಾಡಿಸ್ತಿದ್ದಾಳೆ ಅನ್ನೋ ಖುಷಿಗೆ ಇಬ್ಬರೂ ಒಪ್ಪಿಕೊಂಡರು.

ಸುಮಾರು 500 ಚದರಡಿ ಕಾಂಕ್ರೀಟ್ ಬಿತ್ತು. ಮೇಸ್ತ್ರಿ ಹಿಂದಿನ ಮೂಲೆಗೆ ಇಳಿಜಾರು ಕೊಟ್ಟು, ಕಾಂಪೌಂಡಿನ ಬುಡದಲ್ಲಿ ಒಂದು ಕಿಂಡಿ ಬಿಟ್ಟರು. “ನೀರು ಒಂದು ಹನಿ ನಿಲ್ಲಲ್ಲ ನೋಡಿ” ಅಂದರು. ನಿಜಕ್ಕೂ ನಿಲ್ಲಲಿಲ್ಲ. ಕಿಂಡಿಯ ಆ ಕಡೆ ಏನಿದೆ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಆ ಕಡೆ ಇದ್ದಿದ್ದು, ನಮ್ಮದಕ್ಕಿಂತ ಒಂದೂವರೆ ಅಡಿ ತಗ್ಗಿನಲ್ಲಿರೋ ಟೀಚರ್ ಆಂಟಿಯ ಹಿತ್ತಲು.

ಟೀಚರ್ ಆಂಟಿ ಅಂದರೆ ನನಗೆ ಮಗ್ಗಿ ಕಲಿಸಿದವರು. ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಿ ರಿಟೈರ್ ಆದವರು. ಅಂಕಲ್ ತೀರಿಹೋಗಿ ಬಹಳ ವರ್ಷ ಆಯ್ತು, ಮಗ ಹೊರದೇಶದಲ್ಲಿ. ಒಬ್ಬರೇ ಇರ್ತಾರೆ. ಕಾಂಕ್ರೀಟ್ ಹಾಕಿಸಿದ ಮೊದಲ ಮಳೆಗಾಲದಲ್ಲೇ ಅವರು ಅಪ್ಪನಿಗೆ ಹೇಳಿದ್ದರಂತೆ. “ನೀರು ತಗ್ಗಿಗೆ ಹರಿಯುತ್ತೆ ಟೀಚರ್, ನಾನೇನು ಮಾಡಕ್ಕಾಗುತ್ತೆ” ಅಂತ ಅಪ್ಪ ಅಂದರಂತೆ. ಮಾತಿಗೆ ಮಾತು ಬೆಳೆದು, ಮುಂದೆ ಇಬ್ಬರೂ ಮಾತು ಬಿಟ್ಟರು. ಅಮ್ಮ ಮಾತ್ರ ಕಾಂಪೌಂಡಿನ ಮೇಲಿಂದ ಸಾರು, ಪಲ್ಯ ಕೊಡೋದು, ಆಂಟಿ ಕಾರ್ತೀಕ ಮಾಸಕ್ಕೆ ಮುಂಚೆ ತಾವೇ ಹೊಸೆದ ಹೂಬತ್ತಿಯ ಪೊಟ್ಟಣ ಕೊಡೋದು ನಡೆದೇ ಇತ್ತು.

ಆ ಶನಿವಾರ ಊರಿಗೆ ಬಂದವಳು ನೇರ ಆಂಟಿ ಮನೆಗೆ ಹೋದೆ. ಬಲಗೈಗೆ ಪ್ಲಾಸ್ಟರ್. ಎಡಗೈಯಲ್ಲಿ ಕಾಫಿ ಲೋಟ ಎತ್ತೋಕೆ ಒದ್ದಾಡ್ತಿದ್ದರು. ಸಾರಿ ಆಂಟಿ ಅಂದೆ. ಅವರು ಸಿಟ್ಟು ಮಾಡ್ಕೊಳ್ಳಲಿಲ್ಲ. “ನಿಮ್ಮಪ್ಪಂಗೆ ಹೇಳಿ ಹೇಳಿ ಸಾಕಾಯ್ತು ಪುಟ್ಟಿ. ಈಗ ಹೇಳಿದ್ರೆ ಕೈ ಸರಿ ಹೋಗುತ್ತಾ?” ಅಂದರು. ಆಮೇಲೆ, “ಈ ಸಲ ನಿಮ್ಮಮ್ಮಂಗೆ ಬತ್ತಿ ಅಂಗಡೀಲೇ ತಗೊಳ್ಳೋಕೆ ಹೇಳು” ಅಂದರು. ಅದು ನನಗೆ ಬೈಗುಳಕ್ಕಿಂತ ಜೋರಾಗಿ ತಾಗಿತು.

ಎದ್ದು ಅವರ ಹಿತ್ತಲಿಗೆ ಹೋಗಿ ನೋಡಿದೆ. ನಾಲ್ಕು ವರ್ಷದಲ್ಲಿ ಒಂದು ಸಲವೂ ನೋಡಿರಲಿಲ್ಲ. ಕಿಂಡಿಯಿಂದ ಒಗೆಯೋ ಕಲ್ಲಿನವರೆಗೆ ಕಡುಹಸಿರು ಪಟ್ಟಿ. ಮೊದಲು ಅಲ್ಲಿ ಮಲ್ಲಿಗೆ ಬಳ್ಳಿ ಇತ್ತು. ಬೇರು ಕೊಳೆತು ಹೋಗಿತ್ತು.

ಕಿಂಡಿ ಮುಚ್ಚಿಬಿಡೋಣ ಅಂತ ಅಪ್ಪನ ಹತ್ತಿರ ಅಂದೆ. “ಮುಚ್ಚಿದ್ರೆ ಅಡುಗೆಮನೆ ಬಾಗಿಲಿಗೆ ಬರುತ್ತೆ, ಆಮೇಲೆ ನೀನು ಬೆಂಗಳೂರಿಂದ ಬಂದು ಗೋರ್ತೀಯಾ?” ಅಂದರು. ಪೈಪ್ ಹಾಕಿ ರಸ್ತೆ ಚರಂಡಿಗೆ ಬಿಡೋಣ ಅಂದರೆ ಹಿತ್ತಲು ರಸ್ತೆಗಿಂತ ಒಂದಡಿ ತಗ್ಗು, ನೀರು ಮೇಲಕ್ಕೆ ಹರಿಯಲ್ಲ. ಪಕ್ಕಕ್ಕೂ ಬಿಡೋ ಹಾಗಿಲ್ಲ, ಮುಂದಕ್ಕೂ ಹೋಗಲ್ಲ ಅಂದಮೇಲೆ ಉಳಿದಿದ್ದು ಒಂದೇ ದಾರಿ, ಕೆಳಕ್ಕೆ. ಅಂದರೆ ಇಂಗುಗುಂಡಿ.

ತಮಾಷೆ ಏನು ಅಂದರೆ ಇಂಗುಗುಂಡಿ ಬಗ್ಗೆ ನಮ್ಮನೆಯಲ್ಲಿ ಒಂದು ಫೈಲೇ ಇದೆ. ಅಪ್ಪ ಪತ್ರಿಕೆಗಳಲ್ಲಿ ಬರೋ ನೆಲ-ಜಲದ ಲೇಖನಗಳನ್ನು, ಅದರಲ್ಲೂ ಶ್ರೀ ಪಡ್ರೆ ಅವರ ಬರಹ ಕಂಡರೆ ಬಿಡದೆ, ಕತ್ತರಿಸಿ ಇಟ್ಟುಕೊಳ್ಳುವವರು. ಫೈಲು ಬೀರುವಿನಲ್ಲಿ ಭದ್ರವಾಗಿತ್ತು. ನೀರು ಮಾತ್ರ ಪಕ್ಕದ ಮನೆಗೆ ಹೋಗ್ತಿತ್ತು.

2025ರ ಫೆಬ್ರವರಿಯಲ್ಲಿ ಕೆಲಸಕ್ಕೆ ಕೈ ಹಾಕಿದೆ. ನಾಲ್ಕೈದು ವಿಡಿಯೋ ನೋಡಿದ್ದೆ, ಅಷ್ಟೇ ನನ್ನ ತಯಾರಿ. ಕಿಂಡಿ ಪಕ್ಕದ ಮೂಲೆಯಲ್ಲೇ, ನೀರು ಹೇಗೂ ಅಲ್ಲಿಗೇ ಬರುತ್ತಲ್ಲ ಅಂತ, ಕಾಂಕ್ರೀಟ್ ಒಡೆಸಿ 3 ಅಡಿ ಉದ್ದ, 3 ಅಡಿ ಅಗಲ, 3 ಅಡಿ ಆಳದ ಗುಂಡಿ ತೋಡಿಸಿದೆ. ಇಟ್ಟಿಗೆ ಚೂರು, ಜಲ್ಲಿ ತುಂಬಿಸಿ ಮೇಲೆ ಮರಳು ಹಾಕಿಸಿದೆ. ಒಂದು ಭಾನುವಾರದ ಕೆಲಸ, 6 ಸಾವಿರ ಖರ್ಚು. ಫೋಟೋ ತೆಗೆದು ಸ್ಟೇಟಸ್‌ಗೂ ಹಾಕಿದೆ. ಒಂದು ಬಕೆಟ್ ನೀರು ಸುರಿದು ನೋಡಿದರೆ ಸರ್ರನೆ ಇಳಿದುಹೋಯ್ತು. ಟೆಸ್ಟಿಂಗ್ ಮುಗೀತು ಅಂದುಕೊಂಡೆ.

ಮೇ ತಿಂಗಳಲ್ಲಿ ಕೃತ್ತಿಕಾ ಮಳೆ ಬಂತು. ನಾನು ಊರಲ್ಲೇ ಇದ್ದೆ. ಛತ್ರಿ ಹಿಡಿದು ಹಿತ್ತಲಲ್ಲಿ ನಿಂತೆ. ಹತ್ತೇ ನಿಮಿಷ. ಗುಂಡಿ ತುಂಬಿ, ಮೇಲಿನ ಮರಳನ್ನೂ ಕಿತ್ತುಕೊಂಡು, ನೀರು ಯಥಾಪ್ರಕಾರ ಕಿಂಡಿಯಲ್ಲಿ ನುಗ್ಗಿತು. ಈ ಸಲ ಶುದ್ಧ ನೀರೂ ಅಲ್ಲ, ಕೆಂಪು ರಾಡಿ. ಮಾರನೇ ದಿನ ನೋಡಿದರೆ ಗೋಡೆಯ ಬುಡ ನೆನೆದು ಆಂಟಿ ಕಡೆಯ ಗಾರೆ ಉಬ್ಬಿತ್ತು.

ಕಾಂಪೌಂಡಿನ ಆ ಕಡೆಯಿಂದ ಆಂಟಿ ನೋಡ್ತಿದ್ದರು. ಪ್ಲಾಸ್ಟರ್ ಬಿಚ್ಚಿ ತಿಂಗಳುಗಳಾಗಿದ್ದರೂ ಬಲಗೈಯನ್ನು ಎಡಗೈಯಲ್ಲಿ ಹಿಡಿದೇ ನಿಂತಿರ್ತಾರೆ.

“ಎಷ್ಟು ದೊಡ್ಡ ಗುಂಡಿ ಅದು?”

“ಮೂರು ಮೂರಲೆ ಒಂಬತ್ತು, ಒಂಬತ್ ಮೂರಲೆ ಇಪ್ಪತ್ತೇಳು. 27 ಘನ ಅಡಿ ಆಂಟಿ. 765 ಲೀಟರ್.”

“ಖಾಲಿ ಇದ್ದಾಗ 765. ಕಲ್ಲು ತುಂಬಿದ ಮೇಲೆ? ಕಾಗೆ ಕಥೆ ಮರೆತ್ಯಾ? ಹೂಜಿಗೆ ಕಲ್ಲು ಹಾಕಿದ್ರೆ ನೀರು ಮೇಲೆ ಬರುತ್ತೆ ಅಲ್ವಾ?”

ಇಂಜಿನಿಯರಿಂಗ್ ಮುಗಿಸಿ, ಎಂಟು ವರ್ಷ ಕೆಲಸ ಮಾಡಿದ ನನಗೆ ಎರಡನೇ ಕ್ಲಾಸಿನ ಕಥೆ ಹೊಳೆದಿರಲಿಲ್ಲ. ನಾಚಿಕೆಯಾಗಿ ಒಳಗೆ ಹೋಗಿ 20 ಲೀಟರಿನ ಬಕೆಟ್ ತಂದೆ. ಅದರ ತುಂಬ ಜಲ್ಲಿ ತುಂಬಿ, ಲೀಟರ್ ಮಗ್ಗಿನಲ್ಲಿ ಎಣಿಸಿ ನೀರು ಹಾಕಿದೆ. ಹಿಡಿದಿದ್ದು 8 ಲೀಟರ್. ಅಂದರೆ ನನ್ನ 765 ಲೀಟರಿನ ಗುಂಡಿ ಹಿಡಿಯೋದು ಹೆಚ್ಚುಕಮ್ಮಿ 300 ಲೀಟರ್ ಮಾತ್ರ.

ಬರೋ ನೀರೆಷ್ಟು ಅಂತ ಆವತ್ತೇ ಮೊದಲ ಸಲ ಲೆಕ್ಕ ಹಾಕಿದೆ. ಲೆಕ್ಕ ಬಹಳ ಸುಲಭ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸರಿಯಾಗಿ ಒಂದು ಲೀಟರ್. ನಮ್ಮ ತಾರಸಿಯಲ್ಲಿ ಹಿಂದಕ್ಕೆ ಹರಿಯೋ ಭಾಗ 500 ಚದರಡಿ, ಹಿತ್ತಲಿನ ಕಾಂಕ್ರೀಟ್ 500 ಚದರಡಿ. ಒಟ್ಟು ಸಾವಿರ ಚದರಡಿ, ಅಂದರೆ 93 ಚದರ ಮೀಟರ್. ಒಂದು ಸಂಜೆ 40 ಮಿಲಿಮೀಟರ್ ಮಳೆ ಸುರಿದರೆ 3,700 ಲೀಟರ್. ತಾರಸಿ ಮೇಲಿನ ಸಾವಿರ ಲೀಟರಿನ ಟ್ಯಾಂಕು ಮೂರೂ ಮುಕ್ಕಾಲು ಸಲ ತುಂಬೋವಷ್ಟು! ಅಷ್ಟನ್ನೂ ನಾಲ್ಕು ವರ್ಷ, ಪ್ರತಿ ದೊಡ್ಡ ಮಳೆಗೂ, ಒಂಟಿ ಹೆಂಗಸಿನ ಹಿತ್ತಲಿಗೆ ಸುರಿದಿದ್ದೇವೆ. ಅಪ್ಪನಿಗೆ ಈ ಲೆಕ್ಕ ತೋರಿಸಿದೆ. ಅವರು ಬ್ಯಾಂಕಲ್ಲಿ ಮೂವತ್ತು ವರ್ಷ ಲೆಡ್ಜರ್ ನೋಡಿದವರು. ಜಗಳಕ್ಕೆ ಬಗ್ಗದವರು ಅಂಕಿಗೆ ಬಗ್ಗಿದರು. ಕನ್ನಡಕ ಹಾಕಿಕೊಂಡು ಎರಡು ಸಲ ಕೂಡಿಸಿ ನೋಡಿ, ಏನೂ ಮಾತಾಡದೆ ಕಾಗದ ಮಡಚಿ ಜೇಬಲ್ಲಿಟ್ಟುಕೊಂಡರು.

ಈ ಸಲ ವಿಡಿಯೋ ನಂಬಲಿಲ್ಲ. ಬೆಂಗಳೂರಿನ ಜಯನಗರದಲ್ಲಿ ಜಲಮಂಡಳಿಯವರ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಥೀಮ್ ಪಾರ್ಕ್ ಇದೆ. ಅಷ್ಟು ವರ್ಷ ಬೆಂಗಳೂರಲ್ಲಿದ್ದೂ ನೋಡಿರಲಿಲ್ಲ, ಒಂದು ದಿನ ಹೋಗಿ ಬಂದೆ. ಬೆಂಗಳೂರಲ್ಲಿ 2009ರಲ್ಲೇ ಕಾಯ್ದೆಗೆ ತಿದ್ದುಪಡಿ ತಂದು, ದೊಡ್ಡ ಸೈಟಿನ ಮನೆಗಳಿಗೆ ಮಳೆನೀರು ಕೊಯ್ಲು ಕಡ್ಡಾಯ ಮಾಡಿದ್ದಾರೆ. ಆದರೂ 2024ರ ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದು, ನಮ್ಮ ಪಿಜಿಯಲ್ಲಿ ದಿನಕ್ಕೆ ಒಬ್ಬರಿಗೆ ಎರಡು ಬಕೆಟ್ ಅಂತ ಲೆಕ್ಕ ಇಟ್ಟಿದ್ದು ನೆನಪಾಯ್ತು. ಅಲ್ಲಿ ನೀರಿಲ್ಲ ಅಂತ ಅಳೋಳು ನಾನೇ, ಇಲ್ಲಿ ನೀರು ಹೊರಗೆ ತಳ್ಳೋಳೂ ನಾನೇ.

ಆಮೇಲೆ ಬಾವಿ ತೋಡುವ ಒಬ್ಬರು ಹಿರಿಯರನ್ನು ಅಪ್ಪನೇ ಹುಡುಕಿ ಕರ್ಕೊಂಡು ಬಂದರು. ನಾವು ಅವರನ್ನು ಯಜಮಾನ್ರು ಅಂತಲೇ ಕರೀತಿದ್ದೆವು. ಅವರು ನನ್ನ ಹಳೇ ಗುಂಡಿ ನೋಡಿದರು, ಕಾಂಪೌಂಡ್ ನೋಡಿದರು, ಆಮೇಲೆ ನನ್ನನ್ನು ನೋಡಿದರು.

“ಗೋಡೆ ಬುಡದಾಗೆ ಯಾರವ್ವ ಗುಂಡಿ ತೆಗೆಸಿದ್ದು?”

“ನಾನೇ ತಾತ.”

“ಮಣ್ಣು ಕೇಳಿದ್ಯಾ?”

ಮಣ್ಣು ಕೇಳೋದು ಅಂದರೆ ಹೀಗೆ: ಗುಂಡಿಯ ತಳದಲ್ಲಿ ಒಂದಡಿ ಚೌಕ, ಒಂದಡಿ ಆಳದ ಚಿಕ್ಕ ಕುಳಿ ತೆಗೆದು ನೀರು ತುಂಬಿಸಬೇಕು. ಮೊದಲ ಸಲ ಒಣಮಣ್ಣು ಗಟಗಟ ಕುಡಿದುಬಿಡುತ್ತೆ, ಅದು ಲೆಕ್ಕಕ್ಕಿಲ್ಲ. ನನ್ನ ಒಂದು ಬಕೆಟ್ಟಿನ ಟೆಸ್ಟು ಮೋಸ ಹೋಗಿದ್ದು ಇಲ್ಲೇ. ಒಂದು ರಾತ್ರಿ ನೆನೆಯೋಕೆ ಬಿಟ್ಟು, ಬೆಳಗ್ಗೆ ಮತ್ತೆ ತುಂಬಿಸಿ, ಸ್ಕೇಲ್ ನಿಲ್ಲಿಸಿ ಒಂದು ಇಂಚು ಇಳಿಯೋಕೆ ಎಷ್ಟು ನಿಮಿಷ ಬೇಕು ಅಂತ ನೋಡಬೇಕು.

ಮೂರಡಿ ಆಳದಲ್ಲಿ ಒಂದು ಇಂಚಿಗೆ ಒಂದು ಗಂಟೆ ಹಿಡೀತು. ಯಜಮಾನ್ರು ಹಾರೆ ಹಾಕಿ ಕೆದಕಿದರು. ಟೈಲ್ಸ್ ಚೂರು, ಗಟ್ಟಿಯಾದ ಸಿಮೆಂಟ್ ಮುದ್ದೆ, ಪ್ಲಾಸ್ಟಿಕ್ ಚೀಲ, ಪೇಂಟ್ ಡಬ್ಬದ ಮುಚ್ಚಳ ಎದ್ದು ಬಂದವು. ಅಪ್ಪ ಸ್ವಲ್ಪ ಹೊತ್ತು ನೋಡ್ತಾ ನಿಂತು, “ಮನೆ ಕಟ್ಟಿದಾಗ ಉಳಿದಿದ್ದು. ಎತ್ತಿ ಹಾಕಿಸೋಕೆ ದುಡ್ಡು ಸಾಲದೆ ಅಲ್ಲೇ ಹೂತುಬಿಡಿ ಅಂದಿದ್ದೆ” ಅಂದರು. ಹಿತ್ತಲಲ್ಲಿ ಮೊದಲು ನೀರು ನಿಲ್ತಿದ್ದಿದ್ದಕ್ಕೂ ಕಾರಣ ಸಿಕ್ತು. ತಳದಲ್ಲಿ ಅಪ್ಪ ಮುಚ್ಚಿದ್ದರು, ಮೇಲೆ ನಾನು ಮುಚ್ಚಿದ್ದೆ. ಪಾಪ, ಮಣ್ಣಿಗೆ ಉಸಿರಾಡೋಕೂ ಜಾಗ ಇರಲಿಲ್ಲ.

ಜಾಗ ಬದಲಾಯಿಸಿದೆವು. ಮನೆ ಗೋಡೆಯಿಂದ 12 ಅಡಿ, ಕಾಂಪೌಂಡಿನಿಂದ 6 ಅಡಿ ದೂರ. ಇನ್ನೂ ದೂರ ಇದ್ದರೆ ಇನ್ನೂ ಒಳ್ಳೆಯದು, ನಮ್ಮ ಸೈಟಲ್ಲಿ ಸಿಕ್ಕಿದ್ದು ಅಷ್ಟೇ. ಅಲ್ಲಿ ಐದಡಿ ಇಳಿದ ಮೇಲೆ ಗರಸು ಮಣ್ಣು ಸಿಕ್ತು. ಮತ್ತೆ ಪರೀಕ್ಷೆ. ಅಪ್ಪ ಕುರ್ಚಿ ಹಾಕ್ಕೊಂಡು ಕೂತು, ಹಳೇ ಡೈರಿಯಲ್ಲಿ ಗೆರೆ ಎಳೆದು, ಸಮಯ ಒಂದು ಕಡೆ, ನೀರಿನ ಮಟ್ಟ ಒಂದು ಕಡೆ ಬರೆದುಕೊಂಡರು. 12 ನಿಮಿಷಕ್ಕೆ ಒಂದು ಇಂಚು. “ಇದು ಕುಡಿಯೋ ಮಣ್ಣು” ಅಂದರು ಯಜಮಾನ್ರು.

ಗುಂಡಿಯ ಅಗಲ ನಾಲ್ಕೂವರೆ ಅಡಿ, ಆಳ 9 ಅಡಿ. ಇಬ್ಬರು ತೋಡಿದರು. ಒಬ್ಬರು ಕೆಳಗೆ, ಒಬ್ಬರು ಮೇಲೆ ನಿಂತು ಹಗ್ಗದಲ್ಲಿ ಬಾಂಡ್ಲಿ ಎಳೆಯೋದು. ಎದ್ದ ಮಣ್ಣನ್ನು ಅಂಚಲ್ಲಿ ಗುಡ್ಡೆ ಹಾಕದೆ ದೂರ ಸುರಿಸಿದರು, ಮಳೆ ಮೋಡ ಕಂಡ ದಿನ ಕೆಳಗೆ ಇಳಿಯಲೇ ಇಲ್ಲ. ಇಷ್ಟು ಆಳದ ಗುಂಡಿಯನ್ನು ನಾವೇ ತೋಡ್ತೀವಿ ಅನ್ನೋ ಸಾಹಸ ಮಾತ್ರ ಯಾರೂ ಮಾಡಬೇಡಿ. ಮಣ್ಣು ಕುಸಿದರೆ ಮೇಲೆ ಬರೋಕೆ ಸಮಯ ಕೊಡಲ್ಲ.

ತಳಕ್ಕೆ ಒಂದಡಿ ದಪ್ಪ ಜಲ್ಲಿ. ಅದರ ಮೇಲೆ 3 ಅಡಿ ವ್ಯಾಸದ, ತೂತು ಇರೋ ಸಿಮೆಂಟ್ ರಿಂಗುಗಳು, ಒಂದರ ಮೇಲೊಂದು ಎಂಟು. ರಿಂಗಿಗೂ ಮಣ್ಣಿಗೂ ನಡುವೆ ಸುತ್ತಲೂ ಮತ್ತೆ ದಪ್ಪ ಜಲ್ಲಿ. ರಿಂಗಿನ ಒಳಗೆ ಏನೂ ತುಂಬಿಸಿಲ್ಲ, ಖಾಲಿ. ಕಾಗೆ ಕಥೆ ನೆನಪಿಟ್ಟುಕೊಂಡಿದ್ದೆ. ಒಳಗಿನ ಖಾಲಿ ಜಾಗ 1,600 ಲೀಟರ್, ಸುತ್ತಲಿನ ಜಲ್ಲಿಯ ಸಂದಿಯದ್ದೂ ಸೇರಿದರೆ ಸುಮಾರು 2,200. ಉಳಿದಿದ್ದು ಮಳೆ ಸುರಿಯುವಾಗಲೇ ಇಂಗುತ್ತಾ ಹೋಗಬೇಕು. ಮೇಲೆ ಕಬ್ಬಿಣದ ಮುಚ್ಚಳ ಇರೋ ಗಟ್ಟಿ ಸ್ಲ್ಯಾಬು, ಮಕ್ಕಳು ಮರಿ ಎಳೆದರೂ ಜರುಗದ ಹಾಗೆ.

ನೀರು ನೇರ ಗುಂಡಿಗೆ ಹೋಗಬಾರದು. ಮೊದಲು ಒಂದೂವರೆ ಅಡಿ ಚೌಕದ ಚಿಕ್ಕ ಚೇಂಬರ್. ತಾರಸಿಯ ಧೂಳು, ಎಲೆ, ಮಣ್ಣು ಎಲ್ಲ ಅಲ್ಲೇ ತಳಕ್ಕೆ ಕೂರುತ್ತೆ. ತಳದಿಂದ 8 ಇಂಚು ಮೇಲೆ ಜಾಲರಿ ಹಾಕಿದ 4 ಇಂಚಿನ ಪೈಪು, ಅದರಿಂದ ತಿಳಿನೀರು ಮಾತ್ರ ಗುಂಡಿಗೆ. ಈ ಚೇಂಬರ್ ಇಲ್ಲದಿದ್ದರೆ ಎಂಥ ಇಂಗುಗುಂಡಿಯಾದರೂ ಕೆಲವೇ ಮಳೆಗಾಲದಲ್ಲಿ ಹೂಳು ತುಂಬಿ ಬರೀ ಗುಂಡಿ ಆಗುತ್ತೆ. ವಾಷಿಂಗ್ ಮಷಿನ್ ನೀರನ್ನೂ ಇದಕ್ಕೇ ಬಿಡೋಣವಾ ಅಂತ ಅಮ್ಮ ಕೇಳಿದಳು. ಬೇಡ ಅಂದೆವು. ಸೋಪಿನ ಜಿಡ್ಡು, ಬಟ್ಟೆಯ ನೂಲು ಮಣ್ಣಿನ ಸಂದಿ ಮುಚ್ಚಿಬಿಡುತ್ತೆ. ಇದು ಮಳೆನೀರಿಗೆ ಮಾತ್ರ ಮೀಸಲು.

ಎಲ್ಲ ಸೇರಿ 28 ಸಾವಿರ ಆಯ್ತು. ಅಲ್ಲಿಗೂ ಲೆಕ್ಕ ಪೂರ್ತಿ ಹೊಂದಲಿಲ್ಲ. ಬರೋ ನೀರು ಕಮ್ಮಿ ಆಗಬೇಕಿತ್ತು. ಅಂದರೆ ಕಾಂಕ್ರೀಟ್ ಒಡೀಬೇಕು.

“ನಿನ್ನ ಬೋನಸ್ ದುಡ್ಡಿಂದು ಕಣಮ್ಮ ಅದು” ಅಂದರು ಅಪ್ಪ. ಅವರಿಗೆ ಅದು ಬರೀ ನೆಲ ಆಗಿರಲಿಲ್ಲ, ಬಂದವರಿಗೆಲ್ಲ ತೋರಿಸಿ “ಮಗಳು ಹಾಕಿಸಿದ್ದು” ಅಂತ ಹೇಳ್ಕೊಳ್ಳೋ ನೆಲ. ಆ ಮಾತು ಕೇಳಿ ನನಗೂ ಹೊಟ್ಟೆಯೊಳಗೆ ಹೇಗೋ ಆಯ್ತು. ಆದರೂ ಅರ್ಧ ಒಡೆಸಿದೆವು, 250 ಚದರಡಿ. ಓಡಾಡೋ ದಾರಿ, ಬಟ್ಟೆ ಒಗೆಯೋ ಜಾಗ ಮಾತ್ರ ಉಳಿಸಿಕೊಂಡೆವು. ಒಡೆದ ಕಡೆ ಹೂತಿದ್ದ ಕಸ ತೆಗೆಸಿ, ಗುಂಡಿಯಿಂದ ಎದ್ದ ಕೆಂಪುಮಣ್ಣು ಹಾಕಿಸಿದೆವು. ಗುಂಡಿ ಒಂದುವೇಳೆ ತುಂಬಿದರೆ ಹೆಚ್ಚಿನ ನೀರು ಹೋಗೋಕೆ ಅಲ್ಲೇ ಒಂದು ತಗ್ಗು ಪಾತಿ ಮಾಡಿ ಅಮ್ಮ ಬಾಳೆ ಕಂದು ನೆಟ್ಟಳು.

ಆಗಸ್ಟ್ ಕೊನೆಗೆ ಎಲ್ಲ ಮುಗೀತು. ಆಮೇಲೆ ನಾಲ್ಕಾರು ಸಣ್ಣ ಮಳೆ ಬಂದು ಹೋದವು. ಅದು ಪರೀಕ್ಷೆಯೇ ಅಲ್ಲ.

ಹಸ್ತಾ ಮಳೆ ಶುರುವಾಗೋ ಹೊತ್ತಿಗೆ ಒಂದು ಭಾನುವಾರ ಬೆಳಗ್ಗೆ ಹಿತ್ತಲಿಗೆ ಹೋದರೆ ಅಪ್ಪ ಲುಂಗಿ ಎತ್ತಿ ಕಟ್ಟಿ, ಕಾಂಪೌಂಡಿನ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದರು. ಪಕ್ಕದಲ್ಲಿ ಕಲಸಿದ ಸಿಮೆಂಟು. ಕಿಂಡಿ ಮುಚ್ಚುತ್ತಿದ್ದರು.

“ಅಪ್ಪಾ, ಒಂದು ದೊಡ್ಡ ಮಳೆ ನೋಡಿ ಮುಚ್ಚೋಣ. ಗುಂಡಿ ತಡೀದಿದ್ರೆ ನೀರು ಅಡುಗೆಮನೆಗೆ ಬರುತ್ತೆ.”

“ಬರಲಿ ಬಿಡು. ಈ ಸಲ ನಮ್ಮನೆಗೇ ಬರಲಿ” ಅಂದರು. ಕರಣೆಯಿಂದ ನೀಟಾಗಿ ನುಣುಪು ಮಾಡಿದರು. ಗೋಡೆಯ ಆ ಕಡೆ ಹೆಜ್ಜೆ ಸಪ್ಪಳ ಕೇಳಿಸಿತು, ನಿಂತಿತು. ಇಬ್ಬರೂ ಮಾತಾಡಲಿಲ್ಲ.

ನಾಲ್ಕನೇ ದಿನ ಸಂಜೆ ಮಳೆ ಬಂತು. ಗುಡುಗಿಗೆ ಕರೆಂಟ್ ಹೋಯ್ತು. ಅಮ್ಮ ಅಡುಗೆಮನೆ ಬಾಗಿಲಿಗೆ ಗೋಣಿಚೀಲ ಅಡ್ಡ ಇಟ್ಟಳು. ಅಕ್ಕಿ ಡಬ್ಬ, ಬೇಳೆ ಡಬ್ಬ ಎಲ್ಲ ಕಟ್ಟೆ ಮೇಲೆ ಏರಿಸಿದಳು. ನಾನು, ಅಪ್ಪ ಒಂದೇ ಛತ್ರಿಯಲ್ಲಿ ಟಾರ್ಚ್ ಹಿಡಿದು ಹಿತ್ತಲಲ್ಲಿ ನಿಂತೆವು. ಮುಚ್ಚಳ ತೆಗೆದು ನೋಡಿದರೆ ಪೈಪಿಂದ ನೀರು ಧೋ ಅಂತ ಬೀಳ್ತಿತ್ತು. ಒಳಗೆ ಎಷ್ಟು ರಿಂಗು ಕಾಣಿಸುತ್ತೆ ಅಂತ ಎಣಿಸ್ತಾ ಇದ್ದೆವು. ಐದು ಕಾಣ್ತಿತ್ತು, ನಾಲ್ಕಾಯ್ತು, ಎರಡಾಯ್ತು. ಗಂಟೆ ಎಂಟು. ಮಳೆ ಬಿಡೋ ಲಕ್ಷಣ ಇಲ್ಲ. ಕೊನೇ ರಿಂಗಿಗೆ ನೀರು ಮುಟ್ಟಿತು. ಅಪ್ಪನ ಕೈಯಲ್ಲಿ ಟಾರ್ಚ್ ನಡುಗ್ತಾ ಇತ್ತು, ಚಳಿಗೋ ಏನೋ.

ಬಾಯಿಂದ ಆರು ಇಂಚು ಕೆಳಗೆ ಬಂದು ನೀರು ನಿಂತಿತು. ಮಳೆ ಇನ್ನೂ ಬರ್ತಿತ್ತು, ಪೈಪಿಂದ ಇನ್ನೂ ಬೀಳ್ತಿತ್ತು, ಆದರೂ ಮಟ್ಟ ಮೇಲೆ ಬರಲಿಲ್ಲ. ಬರೋಷ್ಟು ಇಂಗ್ತಾ ಇದೆ ಅಂತ ಅರ್ಥ. ಎಂಟೂಮುಕ್ಕಾಲಿಗೆ ಮಳೆ ಸಣ್ಣಗಾಯ್ತು. ಒಂಬತ್ತಕ್ಕೆ ಅಪ್ಪ ಹೇಳಿದರು, “ಒಂದು ರಿಂಗು ಇಳೀತು.” ತಾರಸಿ ಮೇಲೆ ಮಳೆಗೆ ಇಟ್ಟಿದ್ದ ನೇರ ಬದಿಯ ಸ್ಟೀಲ್ ಡಬ್ಬ ತಂದು ಸ್ಕೇಲ್ ಇಟ್ಟು ನೋಡಿದೆ. 38 ಮಿಲಿಮೀಟರ್. ಬೆಳಗ್ಗೆ ಆರಕ್ಕೆ ಎದ್ದು ಮುಚ್ಚಳ ತೆಗೆದರೆ ತಳದ ಜಲ್ಲಿ ಕಾಣ್ತಿತ್ತು.

ಆಂಟಿ ಹಿತ್ತಲಲ್ಲೇ ನಿಂತಿದ್ದರು. ಅವರ ನೆಲ ಬರೀ ಅವರ ಪಾಲಿನ ಮಳೆಗೆ ನೆನೆದಿತ್ತು, ಅಷ್ಟೇ. ಅಪ್ಪ ಕಾಂಪೌಂಡಿನ ಹತ್ತಿರ ಹೋದರು. ಐದು ವರ್ಷದ ಮೇಲೆ ಏನು ಮಾತಾಡ್ತಾರೋ ಅಂತ ನಾನು, ಅಮ್ಮ ಬಾಗಿಲಲ್ಲೇ ನಿಂತೆವು. ಅಪ್ಪ ಕ್ಷಮೆ ಗಿಮೆ ಏನೂ ಕೇಳಲಿಲ್ಲ. “ಟೀಚರ್, 2,600 ಲೀಟರ್ ಇಂಗಿದೆ ರಾತ್ರಿ. ಡೈರೀಲಿ ಬರ್ಕೊಂಡಿದೀನಿ” ಅಂದರು.

“ಕಲ್ಲು ಬಿಟ್ಟು ತಾನೇ ಲೆಕ್ಕ?” ಅಂದರು ಆಂಟಿ.

ಅಪ್ಪ ನಕ್ಕರು.

ಎಲ್ಲ ಸರಿಹೋಯ್ತು ಅಂತ ಬರೆಯಲ್ಲ. ಆಂಟಿಯ ಬಲಗೈ ಪೂರ್ತಿ ತಿರುಗಲ್ಲ, ಭಾರ ಎತ್ತೋಕೆ ಆಗಲ್ಲ. ಅದನ್ನು ಯಾವ ಇಂಗುಗುಂಡಿಯೂ ಸರಿ ಮಾಡಲ್ಲ. ಅವರೂ ಅಪ್ಪನೂ ಈಗಲೂ ಮಳೆ ಬಿಟ್ಟು ಬೇರೆ ಮಾತಾಡೋದು ಕಮ್ಮಿ. ಆಂಟಿ ಕಡೆಯ ಉಬ್ಬಿದ ಗಾರೆಯನ್ನು ನಾವೇ ಕೆತ್ತಿಸಿ ಹೊಸದಾಗಿ ಮಾಡಿಸಿಕೊಟ್ಟೆವು. ಅಮ್ಮ ಮಲ್ಲಿಗೆಯ ಒಂದು ಕಡ್ಡಿ ಬೇರು ಬರಿಸಿ ಕೊಟ್ಟಿದ್ದಾಳೆ.

ನಾನು ಮಾಡೋ ಕೆಲಸದಲ್ಲಿ ನನ್ನ ಭಾಗದ ಕೋಡ್ ಸರಿ ಇದ್ದರೆ, ಮುಂದಿನದು ಬೇರೆ ಟೀಮಿನವರ ತಲೆನೋವು ಅಂತ ಅಂದುಕೊಂಡು ಎಷ್ಟೋ ಸಲ ಆರಾಮಾಗಿ ಮಲಗಿದ್ದೀನಿ. ಹಿತ್ತಲಿನ ಕಾಂಕ್ರೀಟನ್ನೂ ಹಾಗೇ ಮಾಡಿದ್ದೆ. ನಮ್ಮ ಕಡೆ ಒಂದು ಹನಿ ನಿಲ್ಲಲಿಲ್ಲ, ಅದಕ್ಕೇ ಸರಿ ಇದೆ ಅಂದುಕೊಂಡೆ. ನೀವೂ ಮನೆ ಕಟ್ಟಿಸುತ್ತಿದ್ದರೆ, ಅಂಗಳಕ್ಕೆ ಟೈಲ್ಸೋ ಕಾಂಕ್ರೀಟೋ ಹಾಕಿಸುತ್ತಿದ್ದರೆ, ಮೇಸ್ತ್ರಿಯವರನ್ನು ಒಂದೇ ಒಂದು ಪ್ರಶ್ನೆ ಕೇಳಿ: ಈ ನೀರು ಎಲ್ಲಿಗೆ ಹೋಗುತ್ತೆ? “ಆಚೆ ಹೋಗುತ್ತೆ” ಅಂದರೆ, ಆಚೆ ಅಂದರೆ ಯಾರ ಮನೆ ಅಂತ ಇನ್ನೊಂದು ಸಲ ಕೇಳಿ. ನಾಲ್ಕು ವರ್ಷ ಮೊದಲು ನಾನು ಕೇಳಬೇಕಿದ್ದಿದ್ದು ಅಷ್ಟೇ.

ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಚೇಂಬರಿನ ಹೂಳು ತೆಗೆಯೋದು ಈಗ ನನ್ನ ಕೆಲಸ. ಎರಡು ಬಾಂಡ್ಲಿ ಮಣ್ಣು ಬರುತ್ತೆ, ಅದು ಬಾಳೆ ಬುಡಕ್ಕೆ ಹೋಗುತ್ತೆ. ಹೋದ ಕಾರ್ತೀಕಕ್ಕೆ ಎರಡು ದಿನ ಮುಂಚೆ ಹೀಗೇ ಕೈ ತುಂಬ ಕೆಸರು ಮಾಡ್ಕೊಂಡು ನಿಂತಿದ್ದಾಗ ಕಾಂಪೌಂಡಿನ ಮೇಲೆ ಒಂದು ಪೇಪರ್ ಪೊಟ್ಟಣ ಬಂತು.

“ಎಡಗೈಲಿ ಹೊಸೆದಿದ್ದು. ಸ್ವಲ್ಪ ಸೊಟ್ಟ ಇದೆ, ಉರಿಯುತ್ತೆ. ನಿಮ್ಮಮ್ಮಂಗೆ ಕೊಡು” ಅಂದರು ಆಂಟಿ.

ಕೈ ತೊಳ್ಕೊಂಡು ಬಂದು ತಗೊಂಡೆ. ಒಳಗೆ ಹೂಬತ್ತಿ ಇತ್ತು. ನಿಜಕ್ಕೂ ಸೊಟ್ಟ. ಆವತ್ತಿನ ದೀಪ ಅದರಲ್ಲೇ ಹಚ್ಚಿದೆವು.